ಕೈ ಪಳಗುವ ಮುನ್ನ

ನಾನು ಇರುವುದು ತಲಘಟ್ಟಪುರದಲ್ಲಿ. ಕನಕಪುರ ರಸ್ತೆಯ ಮೇಲಿನ ಈ ಊರನ್ನು ಹೊರಗಿನವರು ಬಹುಕಾಲ ಬಲ್ಲವರಾಗಿದ್ದುದು ಇಲ್ಲಿನ ರೇಷ್ಮೆ ಸಂಶೋಧನ ಸಂಸ್ಥೆಯ ಹೆಸರಿನಿಂದ. 2021ರ ಜನವರಿಯಲ್ಲಿ ಮೆಟ್ರೊ ರೈಲು ಬಂದ ಮೇಲೆ ಹಸಿರು ಮಾರ್ಗದ ಒಂದು ನಿಲ್ದಾಣವಾಗಿಯೂ ಬಲ್ಲರು. ನಿಲ್ದಾಣದ ಮೆಟ್ಟಿಲುಗಳ ಬಳಿ ಬೆಳಗಿನ ಹೊತ್ತು ಒಬ್ಬಾಕೆ ತರಕಾರಿಯ ಬುಟ್ಟಿ ಇಟ್ಟುಕೊಂಡು ಕುಳಿತಿರುತ್ತಾಳೆ. ಸೋರೆ, ಕುಂಬಳ, ಸೌತೆ ಒಂದರ ಪಕ್ಕದಲ್ಲಿ ಒಂದು. ಈ ಮೂರನ್ನು ಒಟ್ಟಿಗೆ ಕಂಡವರಿಗೆ ಹುಳಿ, ಮಜ್ಜಿಗೆಹುಳಿಗಳ ನೆನಪಾಗುವುದು ಸಹಜ. ನನಗೆ ಮಾತ್ರ ಕೆಲವು ವರ್ಷಗಳಿಂದ ಸುಶ್ರುತನ ನೆನಪಾಗುತ್ತದೆ. ಅದರ ಕಾರಣವನ್ನು ಹೇಳಿದರೆ ಇಂದಿನ ಭಾಷಣದ ವಿಷಯವನ್ನು ಹೇಳಿದಂತೆಯೇ ಆಗುತ್ತದೆ.

ನನ್ನ ಪಿತ್ತಕೋಶವನ್ನು ತೆಗೆಯಬೇಕಾದ ಸಂದರ್ಭವೊಂದು ಬಂದಿತ್ತು. ಈಗ ಅದಕ್ಕಾಗಿ ಹೊಟ್ಟೆಯನ್ನು ಉದ್ದಕ್ಕೆ ಸೀಳುವುದಿಲ್ಲ. ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ, ಒಂದರಲ್ಲಿ ಕ್ಯಾಮೆರಾವನ್ನೂ ಉಳಿದವುಗಳಲ್ಲಿ ಉದ್ದನೆಯ ಸಲಕರಣೆಗಳನ್ನೂ ಇಳಿಸಿ, ವೈದ್ಯರು ಪರದೆಯನ್ನು ನೋಡುತ್ತ ಕೆಲಸ ಮಾಡುತ್ತಾರೆ. ಹಿಂದಿನ ಸಂಜೆ ನನ್ನನ್ನು ನೋಡಲು ಬಂದ ತರುಣ ವೈದ್ಯನನ್ನು, ಇಂಥವನ್ನು ಎಷ್ಟು ಮಾಡಿದ್ದೀರಿ ಎಂದು ಕೇಳಿದೆ. ಆತ ಸಮಾಧಾನಕರವಾದ ಒಂದು ಸಂಖ್ಯೆಯನ್ನು ಹೇಳಿದ. ಮೊದಲನೆಯದು ಹೇಗಾಯಿತು ಎಂದೆ. ಆತ ನಕ್ಕು, "ಮೊದಲನೆಯದು ಅಂತ ಎಲ್ಲರಿಗೂ ಒಂದು ಇರಲೇಬೇಕಲ್ಲ ಸಾರ್" ಎಂದ. ನಾನು ಜೀವಮಾನವೆಲ್ಲ ಪಾಠ ಹೇಳಿದವನು. ನನ್ನ ಮೊದಲ ವರ್ಷದ ಪಾಠಗಳು ಕೆಟ್ಟದಾಗಿದ್ದವೆಂದು ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ; ಆದರೆ ಹಳಗನ್ನಡದ ಸಮಾಸವೊಂದನ್ನು ನಾನು ತಪ್ಪಾಗಿ ಬಿಡಿಸಿದುದರಿಂದ ಯಾರ ರಕ್ತವೂ ಹರಿಯಲಿಲ್ಲ. ಶಸ್ತ್ರವೈದ್ಯನ ಕೈ ಪಳಗುವ ಮುನ್ನ ಆಗುವ ತಪ್ಪುಗಳು ಎಲ್ಲಿ, ಯಾರ ಮೈಮೇಲೆ ಬೀಳುತ್ತವೆ? ಆ ರಾತ್ರಿ ಆಸ್ಪತ್ರೆಯ ಮಂಚದ ಮೇಲೆ ಹುಟ್ಟಿದ ಈ ಪ್ರಶ್ನೆಗೆ ದೀರ್ಘವಾದೊಂದು ಚರಿತ್ರೆಯಿದೆಯೆಂದು ಮನೆಗೆ ಮರಳಿ ಪುಸ್ತಕಗಳನ್ನು ತೆರೆದಾಗ ತಿಳಿಯಿತು.

ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಇಲ್ಲಿ 'ಯೋಗ್ಯಾ' ಎಂದರೆ ಅಭ್ಯಾಸ, ಸಾಧನೆ. ನಾವು ದಿನವೂ ಬಳಸುವ ಯೋಗ್ಯ, ಯೋಗ್ಯತೆ ಎಂಬ ಮಾತುಗಳ ನೆರೆಯ ಪದವಿದು. ಶಾಸ್ತ್ರವೆಲ್ಲವನ್ನೂ ಓದಿ ಮುಗಿಸಿದ್ದರೂ ಕೈಯಿಂದ ಅಭ್ಯಾಸ ಮಾಡದವನು ಚಿಕಿತ್ಸೆಗೆ ಅರ್ಹನಲ್ಲವೆಂಬುದು ಆ ಅಧ್ಯಾಯದ ನಿಲುವು. ಅಭ್ಯಾಸಕ್ಕೆ ಬೇಕಾದ ಸಾಮಗ್ರಿಯ ಪಟ್ಟಿಯೂ ಅಲ್ಲಿಯೇ ಇದೆ. ಕುಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಯಬೇಕು. ಭೇದಿಸುವುದನ್ನು ನೀರು ಕೆಸರು ತುಂಬಿದ ತೊಗಲಿನ ಚೀಲದ ಮೇಲೆ, ಸತ್ತ ಪ್ರಾಣಿಯ ಮೂತ್ರಕೋಶದ ಮೇಲೆ. ಕೆರೆಯುವುದನ್ನು ಹರಡಿ ಬಿಗಿದ, ರೋಮವಿರುವ ಚರ್ಮದ ಮೇಲೆ. ಸಿರೆಗಳನ್ನು ಚುಚ್ಚುವುದನ್ನು ಸತ್ತ ಪ್ರಾಣಿಯ ಸಿರೆಯಲ್ಲಿ, ನೈದಿಲೆಯ ದಂಟಿನಲ್ಲಿ. ಗಾಯದೊಳಗೆ ಶಲಾಕೆಯನ್ನಾಡಿಸಿ ಹುಡುಕುವುದಕ್ಕೆ ಹುಳು ಕೊರೆದ ಮರ ಮತ್ತು ಬಿದಿರು. ಒಳಗೆ ಸಿಕ್ಕಿಕೊಂಡುದನ್ನು ಹೊರತೆಗೆಯುವುದಕ್ಕೆ ಹಲಸು, ತೊಂಡೆ, ಬಿಲ್ವದ ತಿರುಳು. ಹೊಲಿಯುವುದಕ್ಕೆ ತೆಳುವಾದ ಮತ್ತು ದಪ್ಪನಾದ ಬಟ್ಟೆಯ ಅಂಚುಗಳು. ಪಟ್ಟಿ ಕಟ್ಟುವುದನ್ನು ಕಲಿಯಲು ಆಳಿನಾಕಾರದ ಒಂದು ಗೊಂಬೆ.

ಈ ಪಟ್ಟಿಯನ್ನು ಓದಿದಾಗ ನನಗೆ ಮೊದಲು ಸೋಜಿಗವೆನಿಸಿದ್ದು ಅದರ ಪ್ರಾಚೀನತೆಯಲ್ಲ. ಸೋರೆಕಾಯಿ ಮನುಷ್ಯನ ಹೊಟ್ಟೆಯಂತೆ ಇಲ್ಲ. ಇರಬೇಕೆಂದು ಸುಶ್ರುತನೂ ಹೇಳುವುದಿಲ್ಲ. ಒಂದೊಂದು ಕ್ರಿಯೆಗೆ ಒಂದೊಂದು ವಸ್ತು. ಆ ಕ್ರಿಯೆಯಲ್ಲಿ ಬೆರಳಿಗೆ ಯಾವ ಅನುಭವ ಬೇಕೋ ಅದನ್ನು ಕೊಡುವ ವಸ್ತುವಾದರೆ ಸಾಕು. ಹಲಸಿನ ಹಣ್ಣಿನಿಂದ ತೊಳೆಯನ್ನು ಹರಿಯದೆ ಬಿಡಿಸಿ ತೆಗೆದ ನಮ್ಮ ಹೆಣ್ಣುಮಕ್ಕಳಿಗೆಲ್ಲ ಈ ಮಾತು ಬೇಗ ಅರ್ಥವಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತೊಂದುಂಟು: ಕೈಗುಣ. ಔಷಧ ಅದೇ, ಶಾಸ್ತ್ರ ಅದೇ, ಆದರೂ ಒಬ್ಬ ವೈದ್ಯನ ಕೈಗೆ ರೋಗ ಬಗ್ಗುತ್ತದೆ, ಇನ್ನೊಬ್ಬನ ಕೈಗೆ ಬಗ್ಗದು. ನಮ್ಮ ಹಿರಿಯರು ಅದನ್ನು ಹುಟ್ಟಿನಿಂದ ಬಂದ ಭಾಗ್ಯವೆಂದು ಎಣಿಸಿದರು. ಸುಶ್ರುತ ಅದನ್ನು ತರಕಾರಿಯ ಮೇಲೆ ಕಲಿಸಬಹುದೆಂದು ನಂಬಿದ.

ಕನ್ನಡದ ಹಳೆಯ ವೈದ್ಯಗ್ರಂಥಗಳಲ್ಲಿ ಇಂಥದು ಇದೆಯೇ ಎಂದು ಹುಡುಕುವುದು ನನ್ನ ವೃತ್ತಿಯವನಿಗೆ ಅನಿವಾರ್ಯವಾದ ಚಪಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಿಸಿದ. ಹದಿನಾಲ್ಕನೆಯ ಶತಮಾನದ ಮಂಗರಾಜ ಖಗೇಂದ್ರಮಣಿದರ್ಪಣದಲ್ಲಿ ವಿಷಗಳ ವಿಚಾರವನ್ನು ವಿಸ್ತಾರವಾಗಿ ಬರೆದ. ನಾನು ಓದಿದ ಮಟ್ಟಿಗೆ ಇವುಗಳಲ್ಲಿ ಮದ್ದು, ವಿಷ, ಪಥ್ಯಗಳ ಮಾತೇ ಹೆಚ್ಚು. ಶಸ್ತ್ರದ ವಿದ್ಯೆ ಓಲೆಗರಿಗಿಂತ ಕೈಯಿಂದ ಕೈಗೆ ಹೆಚ್ಚಾಗಿ ನಡೆದಿರಬೇಕು.

ಹಾಗೆ ನಡೆದುದಕ್ಕೆ ಒಂದು ದಾಖಲೆ ನಮ್ಮ ನಾಡಿನ ಯುದ್ಧದಿಂದಲೇ ಹುಟ್ಟಿದೆ. ಟೀಪು ಸುಲ್ತಾನನಿಗೂ ಇಂಗ್ಲಿಷರಿಗೂ 1792ರಲ್ಲಿ ಮುಗಿದ ಯುದ್ಧದಲ್ಲಿ ಇಂಗ್ಲಿಷರ ಕಡೆಯ ಗಾಡಿಹೊಡೆಯುವವನಾದ ಕಾವಸ್ಜಿ ಎಂಬಾತ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಅನಂತರ ಪುಣೆಯ ಬಳಿ, ಇಟ್ಟಿಗೆ ಮಾಡುವ ಜಾತಿಯವನೆಂದು ವರದಿ ಹೇಳುವ ಒಬ್ಬಾತ, ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿಕೊಟ್ಟ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆ ಇದನ್ನು ಚಿತ್ರಸಹಿತ ಪ್ರಕಟಿಸಿತು. ಈ ಕತೆಯನ್ನು ನಮ್ಮಲ್ಲಿ ಹೆಮ್ಮೆಯಿಂದ ಹೇಳುವವರು ಬಹಳ ಮಂದಿ. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವ ವಿವರವನ್ನು ಹೇಳುವವರು ಕಡಮೆ. ಆತ ಮೊದಲೇ ಚರ್ಮಕ್ಕೆ ಕತ್ತಿ ಹಾಕಲಿಲ್ಲ. ತೆಳುವಾದ ಮೇಣದ ಹಾಳೆಯೊಂದನ್ನು ಮೂಗಿನ ಮೋಟಿನ ಮೇಲೆ ಇಟ್ಟು, ಮೂಗಿನಂತೆ ಮಡಿಸಿ ನೋಡಿದ. ಆಮೇಲೆ ಅದನ್ನು ಚಪ್ಪಟೆಯಾಗಿ ಬಿಡಿಸಿ ಹಣೆಯ ಮೇಲೆ ಹರಡಿ, ಅದರ ಅಂಚನ್ನನುಸರಿಸಿ ಗೆರೆ ಎಳೆದ. ಎಷ್ಟು ಚರ್ಮ ಬೇಕು, ಅದು ಹೇಗೆ ಮಡಿಸಿಕೊಂಡೀತು ಎಂಬುದನ್ನು ರೋಗಿಯ ಮೈಯಲ್ಲಿ ಅಲ್ಲ, ಮೇಣದಲ್ಲಿ ಮೊದಲು ತಿಳಿದುಕೊಂಡ. ಇಂದು ಶಸ್ತ್ರಕ್ರಿಯೆಯ ಪೂರ್ವಯೋಜನೆಯೆಂದು ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಗಣಕಯಂತ್ರದ ಮೇಲೆ ಮಾಡುವ ಕೆಲಸದ ತಾತ್ಪರ್ಯ ಆ ಮೇಣದ ಹಾಳೆಯಲ್ಲಿ ಅಡಗಿದೆ. ಈ ವರದಿಯಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯ ಮೃತದೇಹಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಜೀವಂತ ರೋಗಿಯ ಮೇಲೆ ಅದನ್ನು ಪ್ರಯೋಗಿಸಿದ.

ಮೃತದೇಹಗಳು ಎಂದೆನಷ್ಟೆ, ಅವು ಯಾರವು? ಈ ಪ್ರಶ್ನೆಗೆ ಉತ್ತರ ಸುಖಕರವಾಗಿಲ್ಲ. ಎಡಿನ್‌ಬರೋ ನಗರದಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಬಡವರನ್ನು ಕೊಂದು ಶರೀರಗಳನ್ನು ಅಂಗರಚನಾಶಾಲೆಗೆ ಮಾರಿದರು. ಆ ಗದ್ದಲದ ನೆರಳಿನಲ್ಲಿ 1832ರ ಬ್ರಿಟಿಷ್ ಶಾಸನ ಬಂದಿತು: ವಾರಸುದಾರರಿಲ್ಲದ ಬಡವರ ಶವಗಳು ಶಾಲೆಗಳಿಗೆ ಸಲ್ಲಬಹುದು. ನಮ್ಮ ದೇಶದಲ್ಲಿ 1836ರಲ್ಲಿ ಕಲಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಮಧುಸೂದನ ಗುಪ್ತ ಎಂಬ ಪಂಡಿತ ಸಂಪ್ರದಾಯದ ವಿರೋಧವನ್ನು ಲೆಕ್ಕಿಸದೆ ಶವಚ್ಛೇದನ ಮಾಡಿದ. ಸುಶ್ರುತಸಂಹಿತೆಯನ್ನು ಮೊತ್ತಮೊದಲು ಅಚ್ಚು ಹಾಕಿಸಿದವನೂ ಇದೇ ಮಧುಸೂದನ ಗುಪ್ತನೇ, ಅದೂ ಆ ವರ್ಷಗಳಲ್ಲಿಯೇ, ಎಂಬುದನ್ನು ನೆನೆದರೆ ಚರಿತ್ರೆಗೂ ಕೆಲವೊಮ್ಮೆ ಔಚಿತ್ಯಪ್ರಜ್ಞೆ ಇರುತ್ತದೆಂದು ತೋರುತ್ತದೆ. ಮೈಸೂರು ರಾಜ್ಯದಲ್ಲಿ 1924ರಲ್ಲಿ ಮೊದಲ ವೈದ್ಯಕೀಯ ಕಾಲೇಜು ಆರಂಭವಾಯಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು 1955ರಲ್ಲಿ. 1957ರ ನಮ್ಮ ಅಂಗರಚನಾ ಶಾಸನವೂ ಆ ಬ್ರಿಟಿಷ್ ಶಾಸನದ ದಾರಿಯದೇ. ಹೀಗೆ, ಬದುಕಿದ್ದಾಗ ಯಾರೂ ವಿಚಾರಿಸದಿದ್ದ ಜನ ಸತ್ತ ಮೇಲೆ ಪೀಳಿಗೆ ಪೀಳಿಗೆಯ ವೈದ್ಯರಿಗೆ ಗುರುಗಳಾದರು. ಬದುಕಿದ್ದಾಗ ಧರ್ಮಾಸ್ಪತ್ರೆಯ ವಾರ್ಡುಗಳಲ್ಲಿ ಕಲಿಯುವ ಕೈಗಳಿಗೆ ಒಡ್ಡಿಕೊಂಡವರೂ ಬಹುಮಟ್ಟಿಗೆ ಅವರೇ. ನಾನು ಮೆಟ್ರೊದಲ್ಲಿ ಕೃಷ್ಣರಾಜ ಮಾರುಕಟ್ಟೆಯ ನಿಲ್ದಾಣವನ್ನು ದಾಟುವಾಗಲೆಲ್ಲ ಮೇಲಿರುವ ಆ ಆಸ್ಪತ್ರೆಯನ್ನೂ ಈ ಋಣವನ್ನೂ ನೆನೆಯುತ್ತೇನೆ.

ಈ ಋಣವನ್ನು ಸ್ವಇಚ್ಛೆಯಿಂದ ಹೊತ್ತವರೂ ಇದ್ದಾರೆ. ಬೈಲಹೊಂಗಲದ ಆಯುರ್ವೇದ ವೈದ್ಯರಾದ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ದಾನ ಬರೆದಿಟ್ಟು 2008ರಲ್ಲಿ ತೀರಿಕೊಂಡರು. ಅವರ ಮಗ, ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅಂಗರಚನೆಯ ಅಧ್ಯಾಪಕರಾದ ಡಾ. ಮಹಾಂತೇಶ ರಾಮಣ್ಣವರ, 2010ರಲ್ಲಿ ವಿದ್ಯಾರ್ಥಿಗಳ ಎದುರಿನಲ್ಲಿ ತಂದೆಯ ದೇಹವನ್ನು ತಾವೇ ವಿಚ್ಛೇದಿಸಿ ಪಾಠ ಹೇಳಿದರು. ಅದರ ಬಗ್ಗೆ ಹೆಚ್ಚಿಗೆ ಮಾತಾಡಲು ನನಗೆ ಧೈರ್ಯವಿಲ್ಲ.

ಆದರೆ ಶವದಲ್ಲೊಂದು ಕೊರತೆಯುಂಟು. ಅದು ಬಿಗಿದುಕೊಂಡಿರುತ್ತದೆ, ಅದರಲ್ಲಿ ರಕ್ತ ಹರಿಯುವುದಿಲ್ಲ, ಒಮ್ಮೆ ಕುಯ್ದದ್ದನ್ನು ಮತ್ತೆ ಕುಯ್ಯಲಾಗದು. ಈ ಕೊರತೆ ತೀವ್ರವಾಗಿ ಕಂಡುದು ಹೊಟ್ಟೆ ಸೀಳದೆ ಪಿತ್ತಕೋಶವನ್ನು ತೆಗೆಯುವ ಕ್ರಮ ಬಂದ ಮೇಲೆ. ಜರ್ಮನಿಯಲ್ಲಿ ಮ್ಯೂಹೆ 1985ರಲ್ಲಿ, ಫ್ರಾನ್ಸಿನಲ್ಲಿ ಮೂರೆ 1987ರಲ್ಲಿ ಅದನ್ನು ಮಾಡಿದರು. 1990ರಲ್ಲಿ ಮುಂಬಯಿಯಲ್ಲಿ ಡಾ. ತೆಹೆಮ್ಟನ್ ಉಡ್ವಾಡಿಯಾ ಅವರಿಂದ ಅದು ಭಾರತಕ್ಕೆ ಬಂದಿತು. ರೋಗಿಗೆ ಅದು ವರವಾಯಿತು. ವೈದ್ಯನಾದರೋ ಮತ್ತೆ ಮೊದಲಿನಿಂದ ಶಿಷ್ಯನಾದ. ಕಣ್ಣು ಪರದೆಯ ಮೇಲೆ, ಕೈ ಇನ್ನೆಲ್ಲೋ. ಸಲಕರಣೆಯ ಹಿಡಿಯನ್ನು ಎಡಕ್ಕೆ ಸರಿಸಿದರೆ ಅದರ ತುದಿ ಒಳಗೆ ಬಲಕ್ಕೆ ಹೋಗುತ್ತದೆ. ಬೆರಳು ಅಂಗವನ್ನು ಮುಟ್ಟುವುದೇ ಇಲ್ಲ. ಹೆಸರಾಂತ ವೈದ್ಯರ ಕೈಗುಣವೂ ಒಮ್ಮೆ ಕರಗಿಹೋದಂತಾಯಿತು; ಆರಂಭದ ವರ್ಷಗಳಲ್ಲಿ ಪಿತ್ತನಾಳಕ್ಕೆ ಪೆಟ್ಟಾದ ಪ್ರಸಂಗಗಳು ಹೆಚ್ಚಿದವು. ವಿಮಾನ ಚಾಲಕರನ್ನು ನೆಲದ ಮೇಲಿನ ಅನುಕರಣಯಂತ್ರದಲ್ಲಿ ತರಬೇತುಗೊಳಿಸುವಂತೆ ಶಸ್ತ್ರವೈದ್ಯರನ್ನೂ ಏಕೆ ತರಬೇತುಗೊಳಿಸಬಾರದೆಂಬ ಮಾತು ಎದ್ದದ್ದು ಆಗ. ಅಮೆರಿಕದ ಸೈನ್ಯದ ವೈದ್ಯ ರಿಚರ್ಡ್ ಸಟಾವ 1993ರಲ್ಲಿ ಗಣಕಯಂತ್ರದೊಳಗಿನ ಉದರವೊಂದರ ಮೊದಲ ಹೆಜ್ಜೆಗಳನ್ನು ಕುರಿತು ಬರೆದ. ಅದರೊಳಗಿನ ಅಂಗಗಳು ಮಕ್ಕಳ ಚಿತ್ರಪುಸ್ತಕದವುಗಳಂತೆ ಇದ್ದವು.

ವಿಮಾನದ ಉಪಮಾನವನ್ನು ಕೊಟ್ಟವರಿಗೆ ಅದರ ಕಷ್ಟ ಬೇಗನೆ ತಿಳಿಯಿತು. ವಿಮಾನ ಗಟ್ಟಿ ವಸ್ತು, ಯಕೃತ್ತು ಹಾಗಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲೋಹದ ತಂತಿಯನ್ನು ಎಳೆದರೆ ಎಳೆತಕ್ಕೆ ತಕ್ಕಷ್ಟೇ ಅದು ಉದ್ದವಾಗುತ್ತದೆಂದು ರಾಬರ್ಟ್ ಹುಕ್ 1678ರಲ್ಲಿ ತಿಳಿಸಿದ. ನಿಮ್ಮ ಮುಂಗೈಯ ಚರ್ಮವನ್ನು ಚಿವುಟಿ ಮೇಲಕ್ಕೆ ಎಳೆದು ನೋಡಿ: ಮೊದಲು ಸಲೀಸಾಗಿ ಬರುತ್ತದೆ, ಒಂದು ಹಂತದ ಮೇಲೆ ಥಟ್ಟನೆ ಬಿಗಿಯುತ್ತದೆ. ಎಳೆದಷ್ಟೂ ಬಿಗಿ ಹೆಚ್ಚುವ ಈ ಗುಣವನ್ನು ವೈ. ಸಿ. ಫಂಗ್ ಎಂಬ ವಿಜ್ಞಾನಿ 1967ರಲ್ಲಿ ಸೂತ್ರಕ್ಕೆ ತಂದರು. ಸಾಲದುದಕ್ಕೆ, ಮೃದು ಅಂಗಾಂಶ ನೀರಿನಂತೆ ಕುಗ್ಗಲೊಲ್ಲದು. ಹೋಳಿಗೆಯ ಕಣಕದಂತೆ ಒತ್ತಿ ಬಿಟ್ಟರೆ ನಿಧಾನವಾಗಿ ಮೇಲೇಳುತ್ತದೆ. ವಯಸ್ಸು, ರೋಗ, ದೇಹಗಳಿಗೆ ತಕ್ಕಂತೆ ಬೇರೆಯಾಗುತ್ತದೆ.

ಇಂಥ ವಸ್ತುವನ್ನು ಲೆಕ್ಕಕ್ಕೆ ಸಿಕ್ಕಿಸಿದ ಗಣಿತ ಬಂದುದು ಮಾತ್ರ ವಿಮಾನಗಳಿಂದಲೇ. ಬೋಯಿಂಗ್ ಕಂಪನಿಯ ಟರ್ನರ್, ಬರ್ಕ್ಲಿ ವಿಶ್ವವಿದ್ಯಾನಿಲಯದ ಕ್ಲಫ್ ಮೊದಲಾದವರು 1956ರಲ್ಲಿ ಪ್ರಕಟಿಸಿದ ಲೇಖನ, ರೆಕ್ಕೆಯಂಥ ಜಟಿಲವಾದ ಆಕಾರವನ್ನು ಸಣ್ಣ ಸಣ್ಣ ತುಣುಕುಗಳಾಗಿ ಭಾಗಿಸಿ, ಒಂದೊಂದು ತುಣುಕಿಗೂ ಸಮೀಕರಣ ಬರೆದು, ಎಲ್ಲವನ್ನೂ ಒಟ್ಟಿಗೆ ಬಿಡಿಸುವ ದಾರಿಯನ್ನು ತೋರಿಸಿತು. 1960ರಲ್ಲಿ ಕ್ಲಫ್ ಅದಕ್ಕೆ ಫೈನೈಟ್ ಎಲಿಮೆಂಟ್ ವಿಧಾನವೆಂದು ಹೆಸರಿಟ್ಟ. ನಮ್ಮ ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. 1940ರಲ್ಲಿ ಹಿಂದುಸ್ಥಾನ್ ವಿಮಾನ ಕಾರ್ಖಾನೆ, 1942ರಲ್ಲಿ ಭಾರತೀಯ ವಿಜ್ಞಾನ ಮಂದಿರದ ವಿಮಾನಶಾಸ್ತ್ರ ವಿಭಾಗ, 1960ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಹೀಗೆ ರೆಕ್ಕೆಯ ಲೆಕ್ಕ ಹಾಕುವ ಜನ ಈ ಊರಿನಲ್ಲಿ ಬಹುಕಾಲದಿಂದ ನೆಲೆಸಿದ್ದಾರೆ.

ರೆಕ್ಕೆಗೂ ಯಕೃತ್ತಿಗೂ ಇರುವ ಅಂತರ ಕಾಲದ್ದು. ರೆಕ್ಕೆಯ ಲೆಕ್ಕ ರಾತ್ರಿಯೆಲ್ಲ ನಡೆದು ಬೆಳಗ್ಗೆ ಉತ್ತರ ಬಂದರೆ ಎಂಜಿನಿಯರಿಗೆ ನಷ್ಟವಿಲ್ಲ. ಶಸ್ತ್ರದ ತುದಿ ಯಕೃತ್ತನ್ನು ಮುಟ್ಟಿದ ಕ್ಷಣದಲ್ಲಿಯೇ ಅದು ಬಾಗಬೇಕು. ಕಣ್ಣನ್ನು ನಂಬಿಸಲು ಸೆಕೆಂಡಿಗೆ ಇಪ್ಪತ್ತೈದು ಮೂವತ್ತು ಚಿತ್ರಗಳು ಸಾಕು. ಕೈಯನ್ನು ನಂಬಿಸಲು, ಅಂದರೆ ಹಿಡಿಯಲ್ಲಿ ಅಂಗದ ಪ್ರತಿರೋಧ ನಯವಾಗಿ ತಿಳಿಯುವಂತೆ ಮಾಡಲು, ಸೆಕೆಂಡಿಗೆ ಸುಮಾರು 1000 ಸಲ ಲೆಕ್ಕವಾಗಬೇಕು. ಕಣ್ಣಿಗಿಂತ ಕೈ ಇಷ್ಟೊಂದು ಸಂಶಯಾತ್ಮವೆಂಬುದು ನನಗೆ ತಿಳಿದಿರಲಿಲ್ಲ. ಫ್ರಾನ್ಸಿನ ಕೋತ್ಯಾಂ, ದೆಲಿಂಗೆತ್, ಅಯಾಷ್ ಎಂಬ ಮೂವರು 1999ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು: ಯಕೃತ್ತಿನ ಮೈಮೇಲಿನ ಒಂದೊಂದು ಬಿಂದುವನ್ನು ಸರಿಸಿದರೆ ಉಳಿದ ಬಿಂದುಗಳು ಹೇಗೆ ಸರಿಯುತ್ತವೆಂದು ಮೊದಲೇ ಲೆಕ್ಕ ಮಾಡಿಟ್ಟುಕೊಂಡು, ಅಭ್ಯಾಸದ ಹೊತ್ತಿಗೆ ಅವನ್ನು ಕೂಡಿಸಿದರಾಯಿತು. ನಾವು ಮಗ್ಗಿ ಬಾಯಿಪಾಠ ಮಾಡಿದಂತೆ. ಇದರಲ್ಲೊಂದು ವಿನೋದವೂ ಇತ್ತು. ಯಕೃತ್ತನ್ನು ಒತ್ತಿದರೆ, ಎಳೆದರೆ ಸರಿ. ಕುಯ್ದೊಡನೆ ಅದರ ಆಕಾರ ಬದಲಾಗಿ ಮಗ್ಗಿಯೆಲ್ಲ ಸುಳ್ಳಾಗುತ್ತಿತ್ತು. ಶಸ್ತ್ರವೈದ್ಯರ ಶಾಲೆಯಲ್ಲಿ ಕುಯ್ಯುವುದೊಂದಕ್ಕೆ ಆಸ್ಪದವಿಲ್ಲ! ಅದಕ್ಕೆ ಅವರೇ ಬೇರೆ ದಾರಿಗಳನ್ನು ಹುಡುಕಬೇಕಾಯಿತು.

ನಮ್ಮ ಹಸಿರು ಮಾರ್ಗದ ರೈಲಿನಲ್ಲಿಯೇ ಉತ್ತರಕ್ಕೆ ಹೋಗಿ ಯಶವಂತಪುರದ ಬಳಿ ಇಳಿದರೆ ವಿಜ್ಞಾನ ಮಂದಿರ ದೂರವಿಲ್ಲ. ಅಲ್ಲಿ ಪ್ರೊ. ಆಶಿತವ ಘೋಸಾಲ್ ಅವರ ಮಾರ್ಗದರ್ಶನದಲ್ಲಿ, ಅಂಗದ ಅಡ್ಡಸೀಳಿನ ಚಿತ್ರಗಳನ್ನು ಪೋಣಿಸಿ ಅದರ ಘನರೂಪವನ್ನು ಕಟ್ಟುವುದು, ಅಂಗದ ಒಳಗನ್ನೆಲ್ಲ ತುಣುಕು ಮಾಡದೆ ಹೊರಮೈಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ವೇಗವಾಗಿ ಉತ್ತರ ಪಡೆಯುವುದು, ಇವೇ ಮೊದಲಾದ ಸಂಶೋಧನೆಗಳು ನಡೆದವು. ಹಾಗೆ ಗಣಕದಲ್ಲಿ ಕಟ್ಟಿದ ಅಂಗಗಳಲ್ಲಿ ಹಂದಿಯ ಯಕೃತ್ತೂ ಒಂದು. ಅದೇ ಮಂದಿರದ ಪ್ರೊ. ಜಿ. ಕೆ. ಅನಂತಸುರೇಶ್ ಅವರ ಬಳಗ ಉದರದರ್ಶಕವನ್ನು, ಎಂದರೆ ಎಂಡೋಸ್ಕೋಪನ್ನು, ಹಾಯಿಸುವ ಅಭ್ಯಾಸಕ್ಕೆ ಅನುಕರಣಯಂತ್ರವನ್ನು ರೂಪಿಸಿತು; ಆ ಕೆಲಸದಿಂದ ಮಿಮಿಕ್ ಎಂಬ ಕಂಪನಿಯೂ ಅಲ್ಲಿಯೇ ಹುಟ್ಟಿತು. ಪರದೆಯ ಮೇಲೆ ಚಿತ್ರ ಮೂಡಿಸಿದರೆ ಸಾಲದು, ನಳಿಕೆಯನ್ನು ತಳ್ಳುವ ಕೈಗೆ ಕರುಳಿನ ಅಡ್ಡಿ ತಿಳಿಯಬೇಕು ಎಂಬುದು ಆ ಯಂತ್ರದ ಮರ್ಮ. 2019ರಿಂದ ನಮ್ಮ ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮ ಕೌಶಲಶಾಲೆಗಳನ್ನು ಕಡ್ಡಾಯ ಮಾಡಿರುವುದರಿಂದ ಇಂಥವಕ್ಕೆ ಕೇಳಿಕೆಯೂ ಇದೆ.

ಹಾಗಾದರೆ ಇನ್ನು ಯಾರ ಮೈಯೂ ಬೇಡವಾಯಿತೆ? ಗಣಕದೊಳಗಿನ ದೇಹವಾದರೂ ಎಲ್ಲಿಂದ ಬಂದಿತು? ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1994ರಲ್ಲಿ 'ಗೋಚರ ಮಾನವ'ನೆಂಬ ಚಿತ್ರರಾಶಿಯನ್ನು ಬಿಡುಗಡೆ ಮಾಡಿತು. ಒಂದು ದೇಹವನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರಿನ ಪದರವಾಗಿ ಸವೆಸಿ, ಪದರ ಪದರಕ್ಕೂ ತೆಗೆದ 1871 ಚಿತ್ರಗಳು. ಅನೇಕ ಅನುಕರಣಯಂತ್ರಗಳ ಅಂಗಾಂಗಗಳಿಗೆ ಅದೇ ಮೂಲ. ಆ ದೇಹ 1993ರಲ್ಲಿ ಟೆಕ್ಸಾಸಿನಲ್ಲಿ ಮರಣದಂಡನೆಗೆ ಗುರಿಯಾದ ಜೋಸೆಫ್ ಪಾಲ್ ಜರ್ನಿಗನ್ ಎಂಬ ಕೈದಿಯದು. ಆತ ದೇಹವನ್ನು ದಾನ ಮಾಡಿದ್ದುದು ನಿಜ; ಸೆರೆಮನೆಯಲ್ಲಿ ಸಾವನ್ನೆದುರು ನೋಡುತ್ತಿದ್ದವನ ದಾನವನ್ನು ಯಾವ ಅರ್ಥದಲ್ಲಿ ಸ್ವಇಚ್ಛೆಯೆನ್ನಬೇಕೆಂದು ಆಗಲೇ ಚರ್ಚೆಯಾಯಿತು. 1832ರ ಶಾಸನದಿಂದ ನಾವು ಬಹಳ ದೂರ ಬಂದೆವೆಂದು ತಿಳಿದಿದ್ದೆ. ಅಷ್ಟು ದೂರವಲ್ಲ.

ಇಂಥ ಯಂತ್ರಗಳಿಂದ ಪ್ರಯೋಜನವಾದರೂ ಉಂಟೆ ಎಂಬುದಕ್ಕೆ 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಿಂದ ಬಂದ ಪರೀಕ್ಷೆ ಪ್ರಸಿದ್ಧವಾಗಿದೆ. 16 ಮಂದಿ ಕಲಿಯುವ ವೈದ್ಯರಲ್ಲಿ ಕೆಲವರಿಗೆ ಯಂತ್ರದ ಮೇಲೆ ಅಭ್ಯಾಸ ಕೊಟ್ಟು, ಅನಂತರ ಎಲ್ಲರಿಂದಲೂ ರೋಗಿಗಳ ಪಿತ್ತಕೋಶವನ್ನು ಬಿಡಿಸುವ ಕೆಲಸ ಮಾಡಿಸಿದರು. ಅಭ್ಯಾಸ ಮಾಡಿದವರು ಶೇಕಡ 29ರಷ್ಟು ಬೇಗ ಮುಗಿಸಿದರು. ಮಾಡದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಅಂಗಾಂಶವನ್ನು ಸುಡುವ ಸಂಭವ ಐದು ಪಟ್ಟು. ಇನ್ನೂ ಒಂದು ಮಾತುಂಟು. ಅಲ್ಲಿ ಬಳಸಿದ ಯಂತ್ರದಲ್ಲಿ ಯಕೃತ್ತೂ ಇರಲಿಲ್ಲ, ಪಿತ್ತಕೋಶವೂ ಇರಲಿಲ್ಲ. ಪರದೆಯ ಮೇಲೆ ಗೋಲ, ಪೆಟ್ಟಿಗೆಗಳಂಥ ಬರಿಯ ಆಕೃತಿಗಳು. ಅವನ್ನು ಎರಡು ಕೈಗಳಿಂದ ಹಿಡಿಯುವುದು, ದಾಟಿಸುವುದು, ಸುಡುವುದು. ಸೋರೆಕಾಯಿ ಹೊಟ್ಟೆಯಂತೆ ಇರಬೇಕಾಗಿಲ್ಲವೆಂದು ತಿಳಿದಿದ್ದ ಸುಶ್ರುತ ಇದನ್ನು ಓದಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಹಾಗೆಂದು ಮೃದು ಅಂಗಾಂಶದ ಗಣಿತವೆಲ್ಲ ವ್ಯರ್ಥವೆಂದು ನಾನು ಹೇಳಲಾರೆ. ಕಲಿಯುವ ಕೈಗೆ ಆಕೃತಿಗಳು ಸಾಕಾಗಬಹುದು. ಇಂಥ ರೋಗಿಯ ಇಂಥ ಯಕೃತ್ತಿನಿಂದ ಗಡ್ಡೆಯನ್ನು ತೆಗೆದರೆ ಉಳಿಯುವುದೆಷ್ಟು, ಅದು ಜೀವಕ್ಕೆ ಸಾಕೆ ಎಂದು ಯೋಜಿಸುವವನಿಗೆ ಬೇಕಾದುದು ಆ ಯಕೃತ್ತೇ, ಮತ್ತೊಂದಲ್ಲ. ಮೂಗು ಕಟ್ಟಿದವನ ಮೇಣದ ಹಾಳೆ ಕಾವಸ್ಜಿಯ ಮುಖಕ್ಕೆ ಮಾತ್ರ ಹೊಂದುತ್ತಿತ್ತು.

ಸ್ನೇಹಿತರ ಮಗಳೊಬ್ಬಳು ಶಸ್ತ್ರವೈದ್ಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾಳೆ. ನನ್ನ ಕುತೂಹಲವನ್ನು ಕೇಳಿ ಒಂದು ಮಧ್ಯಾಹ್ನ ತಮ್ಮ ಅಭ್ಯಾಸಶಾಲೆಗೆ ಕರೆದೊಯ್ದಳು. ಹಿಡಿಯನ್ನು ನನ್ನ ಕೈಗೇ ಕೊಟ್ಟಳು. ಸ್ವಲ್ಪ ದೂರ ನಳಿಕೆ ಸಲೀಸಾಗಿ ಹೋಯಿತು; ತಿರುವಿನಲ್ಲಿ ಏನೋ ಮೆತ್ತಗೆ ಎದುರು ನಿಂತಿತು; ನಾನು ಸೀಮೆಸುಣ್ಣ ಹಿಡಿದು ಬೆಳೆದ ಕೈಯಿಂದ ಬಲವಾಗಿ ಒತ್ತಿದೆ. ಪರದೆಯೆಲ್ಲ ಕೆಂಪಾಯಿತು. ನಾನು ಬೆಚ್ಚಿ ಕೈ ಹಿಂತೆಗೆದೆ. ಆಕೆ ಒಂದು ಗುಂಡಿಯನ್ನು ಒತ್ತಿದಳು, ಕರುಳು ಮೊದಲಿನಂತಾಯಿತು. ಮೂಲೆಯ ಮೇಜಿನ ಮೇಲೆ, ದಾರದಲ್ಲಿ ಹೊಲಿದ ಬಾಳೆಹಣ್ಣಿನ ಸಿಪ್ಪೆಗಳು ಕಪ್ಪಾಗಿ ಬಿದ್ದಿದ್ದವು. ಹೊಲಿಗೆಯನ್ನು ಅವರು ಮೊದಲು ಕಲಿಯುವುದು ಅವುಗಳ ಮೇಲಂತೆ. ನಾನು ಯೋಗ್ಯಾಸೂತ್ರೀಯದ ಪಟ್ಟಿಯನ್ನು ಹೇಳತೊಡಗಿದೆ. ಆಕೆ ಚೀಟಿಯೊಂದರ ಮೇಲೆ ಬರೆದುಕೊಳ್ಳುತ್ತ ಹೋದಳು. ಹಲಸಿನ ಹಣ್ಣಿನವರೆಗೆ ಬಂದಿದ್ದೆವು. ಅಷ್ಟರಲ್ಲಿ ವಾರ್ಡಿನಿಂದ ಕರೆ ಬಂದು ಆಕೆ ಎದ್ದು ಹೋದಳು.